ಕಿಟಕಿ ಪರದೆಯ ಕರೆಂಟು ಎಲ್ಲಿ ಖರ್ಚಾಗುತ್ತದೆ?

ಆರು ಅಡಿ ಅಗಲ, ಏಳು ಅಡಿ ಎತ್ತರದ ಕಿಟಕಿಯೊಂದಕ್ಕೆ ಬೆಳಕು ತಡೆಯುವ ದಪ್ಪ ಬಟ್ಟೆಯ ರೋಲರ್ ಬ್ಲೈಂಡ್ ಹಾಕಿದ್ದೇವೆ ಎಂದುಕೊಳ್ಳೋಣ. ಈ ಬಗೆಯ ಬಟ್ಟೆ ಚದರ ಮೀಟರಿಗೆ 350 ಗ್ರಾಂ ತೂಗಿದರೆ ಇಡೀ ಪರದೆಯ ತೂಕ ಸುಮಾರು 1.4 ಕಿಲೊ. ಬಟ್ಟೆ ನೆಟ್ಟಗೆ ಇಳಿಬೀಳಲೆಂದು ಕೆಳ ಅಂಚಿಗೆ ಹಾಕುವ ಅಲ್ಯೂಮಿನಿಯಂ ಪಟ್ಟಿಗೆ ಇನ್ನರ್ಧ ಕಿಲೊ. ಪೂರ್ತಿ ಇಳಿದ ಪರದೆಯನ್ನು ಮೇಲಕ್ಕೆ ಸುತ್ತುವಾಗ ಪಟ್ಟಿ ಏಳು ಅಡಿಯನ್ನೂ ಏರಬೇಕು. ಬಟ್ಟೆಯ ಮೇಲಂಚು ಆಗಲೇ ಮೇಲಿರುತ್ತದೆ, ಕೆಳಗಿನ ಭಾಗವಷ್ಟೇ ಪೂರ್ತಿ ದೂರ ಬರಬೇಕು, ಆದ್ದರಿಂದ ಅದು ಸರಾಸರಿ ಮೂರೂವರೆ ಅಡಿ ಏರಿದಂತಾಯಿತು. ಗುರುತ್ವದ ವಿರುದ್ಧ ನಡೆಯುವ ಈ ಕೆಲಸದ ಲೆಕ್ಕ ಕೂಡಿದರೆ ಬರುವುದು 25 ಜೂಲ್. ಪುಟ್ಟ ಮೋಟರು ಮತ್ತು ಅದರ ಹಲ್ಲುಚಕ್ರಗಳು ಪಡೆದ ಶಕ್ತಿಯಲ್ಲಿ ಮುಕ್ಕಾಲು ಪಾಲನ್ನು ಶಾಖವಾಗಿ, ಸದ್ದಾಗಿ ಕಳೆಯುತ್ತವೆ ಎಂದು ಧಾರಾಳವಾಗಿ ಹಿಡಿದರೂ 100 ಜೂಲ್ ಮೀರುವುದಿಲ್ಲ. ನಮ್ಮ ಮನೆಯ ಮೀಟರು ಎಣಿಸುವ ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಅಂದರೆ ಒಂದೇ ಒಂದು ಯೂನಿಟ್ ವಿದ್ಯುತ್ತಿನಲ್ಲಿ ಈ ಪರದೆಯನ್ನು 36,000 ಸಲ ಎತ್ತಬಹುದು. ದಿನಕ್ಕೊಮ್ಮೆಯಂತೆ ಎತ್ತುತ್ತ ಹೋದರೆ ಹತ್ತಿರಹತ್ತಿರ ನೂರು ವರ್ಷ.

ಹೀಗಿದ್ದರೂ ಮೋಟರಿನ ಬ್ಲೈಂಡ್ ಹಾಕಿಸಲು ಹೊರಟವರನ್ನು ಮೊದಲಿಗೆ ಕಾಡುವ ಪ್ರಶ್ನೆ ಕರೆಂಟಿನದೇ. ಕಿಟಕಿಯ ನೆತ್ತಿಯ ಮೇಲೆ ಪ್ಲಗ್ ಪಾಯಿಂಟ್ ಯಾರೂ ಇಟ್ಟಿರುವುದಿಲ್ಲ. ಗೋಡೆ ಕೊರೆಸಬೇಕೆ? ಬ್ಯಾಟರಿ ಸಾಕೆ? ಗಾಜಿಗೆ ಸೋಲಾರ್ ಪಟ್ಟಿ ಅಂಟಿಸಿದರೆ ನಡೆದೀತೆ? ಅಂಗಡಿಯಲ್ಲಿ ಇವೆಲ್ಲ ಬರೀ ಅನುಕೂಲ ಮತ್ತು ಬೆಲೆಯ ಮಾತಾಗಿ ತೀರ್ಮಾನವಾಗುತ್ತವೆ. ಆದರೆ ಈ ಪ್ರಶ್ನೆಗಳಿಗೆ ಭೌತವಿಜ್ಞಾನದಲ್ಲಿ ಖಚಿತವಾದ ಉತ್ತರವಿದೆ ಎಂಬುದು ನನ್ನ ವಾದ. ಬ್ಲೈಂಡ್ ದಿನಕ್ಕೆ ಒಂದೆರಡು ನಿಮಿಷ ಓಡುತ್ತದೆ, ಮಿಕ್ಕ ಹೊತ್ತೆಲ್ಲ ರಿಮೋಟಿನ ಸೂಚನೆಗೆ ಕಿವಿಗೊಟ್ಟು ಕಾಯುತ್ತದೆ. ಎತ್ತುವ ಖರ್ಚು ಹೆಚ್ಚುಕಡಿಮೆ ಸೊನ್ನೆ, ಕಾಯುವ ಖರ್ಚೇ ನಿಜವಾದ ಖರ್ಚು. ಈ ಎಳೆಯನ್ನು ಬಿಡದೆ ಹಿಡಿದು ಹೊರಟರೆ, ಕಟ್ಟುತ್ತಿರುವ ಮನೆಗೆ 24 ವೋಲ್ಟಿನ ತಂತಿ ಸರಿ, ಕಟ್ಟಿ ಮುಗಿದ ಮನೆಗೆ ಸೋಲಾರ್ ಪಟ್ಟಿಯುಳ್ಳ ಬ್ಯಾಟರಿ ಸರಿ, 230 ವೋಲ್ಟಿನ ನೇರ ಸಂಪರ್ಕವನ್ನು ಹೊರಗೋಡೆಯ ಭಾರದ ಪರದೆಗಳಿಗೆ ಮೀಸಲಿಡುವುದು ಸರಿ ಎಂಬಲ್ಲಿಗೆ ಬಂದು ಮುಟ್ಟುತ್ತೇವೆ.

ಮೊದಲು ಯಂತ್ರವನ್ನು ನೋಡೋಣ. ಬ್ಲೈಂಡಿನ ಮೋಟರು ಹೊರಗೆ ಕಾಣುವುದಿಲ್ಲ, ಬಟ್ಟೆ ಸುತ್ತಿಕೊಳ್ಳುವ ಅಲ್ಯೂಮಿನಿಯಂ ಕೊಳವೆಯ ಹೊಟ್ಟೆಯೊಳಗೇ ಕೂತಿರುತ್ತದೆ. ಈ ಕೊಳವೆ ಮೋಟರನ್ನು ಮನೆಮನೆಗೆ ಮುಟ್ಟಿಸಿದ ಕಂಪನಿಗಳಲ್ಲಿ ಮುಖ್ಯವಾದ ಸೊಮ್ಫಿ 1969ರಲ್ಲಿ ಹುಟ್ಟಿದ್ದು ಫ್ರಾನ್ಸಿನ ಆಲ್ಪ್ಸ್ ತಪ್ಪಲಿನ ಕ್ಲೂಜ್ ಎಂಬ ಊರಿನಲ್ಲಿ. ಅದು ತಲೆಮಾರುಗಳಿಂದ ಗಡಿಯಾರದ ಬಿಡಿಭಾಗ ಮಾಡುತ್ತಿದ್ದ ಕಣಿವೆ. ಬ್ಲೈಂಡ್ ಮೋಟರಿನ ಕಸುಬೂ ಹಲ್ಲುಚಕ್ರಗಳದೇ ಆಗಿರುವುದರಿಂದ ಈ ನಂಟು ಸಹಜವಾದದ್ದು. ಒಳಗಿನ ಪುಟ್ಟ ಮೋಟರು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿದರೆ, ಅದರ ಮುಂದಿನ ಹಲ್ಲುಚಕ್ರಗಳ ಸಾಲು ಆ ವೇಗವನ್ನು ನಿಮಿಷಕ್ಕೆ ಮೂವತ್ತು ಸುತ್ತಿಗೆ ಇಳಿಸಿ, ಅಷ್ಟೇ ಪ್ರಮಾಣದಲ್ಲಿ ತಿರುಗಿಸುವ ಬಲವನ್ನು, ಅಂದರೆ ಟಾರ್ಕನ್ನು, ಹೆಚ್ಚಿಸುತ್ತದೆ. ನಮ್ಮ ಲೆಕ್ಕದ ಕಿಟಕಿಗೆ 38 ಮಿಲಿಮೀಟರ್ ಕೊಳವೆ ಹಾಕಿದರೆ ಬೇಕಾಗುವ ಟಾರ್ಕ್ ಸುಮಾರು 0.35 ನ್ಯೂಟನ್ ಮೀಟರ್. ಘರ್ಷಣೆ, ಧೂಳು, ವಯಸ್ಸು ಎಲ್ಲಕ್ಕೂ ಜಾಗ ಬಿಟ್ಟು 1.1 ನ್ಯೂಟನ್ ಮೀಟರಿನ ಮೋಟರು ಹಾಕುತ್ತಾರೆ, ಅದು ನ್ಯಾಯವಾದದ್ದೇ. ಹೆಚ್ಚು ಬಲದ ಮೋಟರು ಯಾವತ್ತೂ ಒಳ್ಳೆಯದು ಎಂಬ ನಂಬಿಕೆ ಮಾತ್ರ ತಪ್ಪು. ಅಗಲದ ಕಿಟಕಿಗಳಲ್ಲಿ ಕೈಕೊಡುವುದು ಸಾಮಾನ್ಯವಾಗಿ ಮೋಟರಲ್ಲ, ಕೊಳವೆ. ತನ್ನ ಮತ್ತು ಬಟ್ಟೆಯ ಭಾರಕ್ಕೆ ಕೊಳವೆ ನಡುವೆ ಬಾಗುತ್ತದೆ, ಬಾಗಿದ ಕಡೆ ಬಟ್ಟೆ ಸುಕ್ಕಾಗುತ್ತದೆ. ಅಗಲ ಎರಡು ಪಟ್ಟಾದರೆ ಬಾಗು ಹದಿನಾರು ಪಟ್ಟಾಗುತ್ತದೆ. ಅದೇ ಗೋಡೆ ದಪ್ಪದ ಕೊಳವೆಯ ವ್ಯಾಸವನ್ನು ಎರಡು ಪಟ್ಟು ಮಾಡಿದರೆ, ಅದರದೇ ಭಾರ ಹೆಚ್ಚುವುದನ್ನು ಬದಿಗಿಟ್ಟರೆ, ಬಾಗು ಎಂಟನೇ ಒಂದಕ್ಕೆ ಇಳಿಯುತ್ತದೆ. ಬೇಕಾಗುವ ಟಾರ್ಕ್ ಮಾತ್ರ ಎರಡೇ ಪಟ್ಟು ಏರುತ್ತದೆ. ಹಾಗಾಗಿ ದೊಡ್ಡ ಮೋಟರಿಗೆ ಕೊಡುವ ದುಡ್ಡನ್ನು ದಪ್ಪ ಕೊಳವೆಗೆ ಕೊಡುವುದು ಜಾಣತನ. ಬ್ರಾಕೆಟ್‌ಗಳನ್ನು ಗೋಡೆಗೆ ಬಿಗಿಯುವಾಗ ಮಟ್ಟಗೋಲು ಹಿಡಿದು ನೋಡಲೇಬೇಕು. ಕೊಳವೆ ಒಂದು ಕಡೆ ವಾಲಿದರೆ ಪ್ರತಿ ಸುತ್ತಿಗೂ ಬಟ್ಟೆ ಒಂದೇ ಬದಿಗೆ ಸರಿಯುತ್ತ ಹೋಗಿ ಅಂಚು ಉಜ್ಜಿ ಹರಿಯುತ್ತದೆ, ಮೋಟರಿನ ಹೊರೆಯೂ ಹೆಚ್ಚುತ್ತದೆ.

ಈಗ ಕಾಯುವ ಖರ್ಚಿನ ಕಡೆಗೆ ಬರೋಣ. ರಿಮೋಟಿನ ಗುಂಡಿ ಒತ್ತಿದಾಗ ಪರದೆ ಅಲುಗಬೇಕಾದರೆ ಮೋಟರಿನ ತಲೆಯಲ್ಲಿರುವ ರೇಡಿಯೊ ಗ್ರಾಹಕ ಎಚ್ಚರವಾಗಿರಬೇಕು. ಗೋಡೆಯ ಕರೆಂಟಿನಿಂದ ನಡೆಯುವ ಮೋಟರಿನಲ್ಲಿ ಈ ಗ್ರಾಹಕ ಮತ್ತು ಅದಕ್ಕೆ 230 ವೋಲ್ಟನ್ನು ಇಳಿಸಿಕೊಡುವ ಮಂಡಲ ಸೇರಿ ಅರ್ಧ ವ್ಯಾಟ್ ಎಳೆಯುತ್ತವೆ ಎಂದಿಟ್ಟುಕೊಳ್ಳಿ. ಅರ್ಧ ವ್ಯಾಟ್ ಕೇಳಲು ಅತ್ಯಲ್ಪ. ಆದರೆ ಅದು ದಿನದ 86,400 ಸೆಕೆಂಡೂ ಹರಿದು 43,200 ಜೂಲ್ ಆಗುತ್ತದೆ. ಅದೇ ದಿನ ಪರದೆಯನ್ನು ಒಮ್ಮೆ ಎತ್ತಿ ಒಮ್ಮೆ ಇಳಿಸಲು ತಗಲಿದ್ದು ಹೆಚ್ಚೆಂದರೆ 200 ಜೂಲ್. ಮಾಡಿದ ಕೆಲಸಕ್ಕಿಂತ ಕಾದದ್ದಕ್ಕೆ ಇನ್ನೂರು ಪಟ್ಟು ಹೆಚ್ಚು ಖರ್ಚು! ವರ್ಷಕ್ಕೆ ಒಂದು ಕಿಟಕಿಗೆ 4.4 ಯೂನಿಟ್, ಹನ್ನೆರಡು ಕಿಟಕಿಯ ಮನೆಗೆ 50 ಯೂನಿಟ್ ದಾಟುತ್ತದೆ. ಈ ಬಗೆಯ ಸೋರಿಕೆ ಬ್ಲೈಂಡಿಗಷ್ಟೇ ಸೇರಿದ್ದಲ್ಲ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಅಲನ್ ಮೈಯರ್ 1990ರ ದಶಕದಲ್ಲಿಯೇ ಟಿವಿ, ಮೈಕ್ರೊವೇವ್ ಮುಂತಾದವು ಸುಮ್ಮನೆ ಕೂತಾಗ ನುಂಗುವ ವಿದ್ಯುತ್ತನ್ನು ಅಳೆದು, ಯಾವ ಉಪಕರಣವೂ ಕಾಯುವಾಗ ಒಂದು ವ್ಯಾಟ್ ಮೀರಬಾರದು ಎಂಬ ಗುರಿಯನ್ನು ಮುಂದಿಟ್ಟರು. ಅಂತರರಾಷ್ಟ್ರೀಯ ಇಂಧನ ಸಂಸ್ಥೆ 1999ರಲ್ಲಿ ಅದನ್ನು ಎತ್ತಿಕೊಂಡಿತು. ಐರೋಪ್ಯ ಒಕ್ಕೂಟ 2023ರಲ್ಲಿ ಹೊರಡಿಸಿದ ಹೊಸ ನಿಯಮದಲ್ಲಿ ಮೋಟರಿನಿಂದ ಚಲಿಸುವ ಬ್ಲೈಂಡು, ಶಟರ್‌ಗಳ ಹೆಸರನ್ನೂ ಸೇರಿಸಿತು. ಕಾಯುವಿಕೆಯ ಖರ್ಚು ನಿರ್ಲಕ್ಷಿಸುವಂಥದ್ದಾಗಿದ್ದರೆ ಶಾಸನ ಮಾಡುವವರು ಕಿಟಕಿ ಪರದೆಯವರೆಗೆ ಬರುತ್ತಿರಲಿಲ್ಲ.

ಬ್ಯಾಟರಿಯ ಮೋಟರಿನಲ್ಲಿ ಈ ಸಂಗತಿ ಇನ್ನಷ್ಟು ಸ್ಪಷ್ಟವಾಗುತ್ತದೆ, ಯಾಕೆಂದರೆ ಅಲ್ಲಿ ಸೋರಿಕೆಗೆ ಜಾಗವೇ ಇಲ್ಲ. ಕೊಳವೆಯೊಳಗೆ ಹಿಡಿಸುವ ಎರಡು ಲಿಥಿಯಂ ಕೋಶಗಳು, ತಲಾ 2,600 ಮಿಲಿಆಂಪಿಯರ್ ಗಂಟೆಯವು, ತುಂಬಿದಾಗ 69,000 ಜೂಲ್ ಇಟ್ಟುಕೊಂಡಿರುತ್ತವೆ. ಅರ್ಧ ವ್ಯಾಟಿನ ಗ್ರಾಹಕ ಇದನ್ನು ಒಂದೂವರೆ ದಿನದಲ್ಲಿ ಬರಿದು ಮಾಡಿಬಿಡುತ್ತದೆ. ಆದರೂ ಇಂಥ ಬ್ಲೈಂಡುಗಳು ತಿಂಗಳುಗಟ್ಟಲೆ ನಡೆಯುತ್ತವಲ್ಲ? ಅದರ ಗುಟ್ಟು ನಿದ್ದೆಯಲ್ಲಿದೆ. ಗ್ರಾಹಕ ಅರ್ಧ ಸೆಕೆಂಡಿಗೊಮ್ಮೆ ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತು ಮಾತ್ರ ಕಣ್ಣು ತೆರೆದು, ತನಗೇನಾದರೂ ಸೂಚನೆ ಇದೆಯೇ ನೋಡಿ, ಮತ್ತೆ ಮಲಗುತ್ತದೆ. ಎಚ್ಚರವಿದ್ದಾಗ 50 ಮಿಲಿವ್ಯಾಟ್ ಬಳಸಿದರೂ ಸರಾಸರಿ ಖರ್ಚು ಒಂದೇ ಮಿಲಿವ್ಯಾಟ್, ಅಂದರೆ ದಿನಕ್ಕೆ 86 ಜೂಲ್. ಪರದೆಯ ಓಡಾಟದ 200 ಜೂಲ್ ಕೂಡಿಸಿದರೆ ಬ್ಯಾಟರಿ ಎಂಟು ತಿಂಗಳು ಬಾಳಬೇಕು. ಗುಂಡಿ ಒತ್ತಿದ ಮೇಲೆ ಪರದೆ ಕ್ಷಣ ತಡೆದು ಹೊರಡುವುದು ಕೆಟ್ಟ ತಯಾರಿಕೆಯ ಲಕ್ಷಣ ಎಂದು ಹಲವರು ತಿಳಿಯುತ್ತಾರೆ. ಅದು ಮಲಗಿದ್ದ ಗ್ರಾಹಕ ಏಳಲು ಹಿಡಿಯುವ ಹೊತ್ತು, ಆ ಅರ್ಧ ಸೆಕೆಂಡಿನ ಬೆಲೆಗೆ ನಾವು ತಿಂಗಳುಗಳ ಬಾಳಿಕೆ ಪಡೆದಿದ್ದೇವೆ. ಇದೇ ಕಾರಣಕ್ಕೆ ಬ್ಯಾಟರಿ ಮೋಟರನ್ನು ನೇರ ವೈಫೈಗೆ ಜೋಡಿಸುವುದು ಒಳ್ಳೆಯ ವಿಚಾರವಲ್ಲ. ವೈಫೈ ರೂಟರು ಸೆಕೆಂಡಿಗೆ ಹತ್ತು ಬಾರಿಯಂತೆ ತನ್ನ ಇರವನ್ನು ಸಾರುತ್ತಿರುತ್ತದೆ, ಅದರ ಜೊತೆ ನಂಟು ಉಳಿಸಿಕೊಳ್ಳುವ ಉಪಕರಣ ಮೇಲಿಂದ ಮೇಲೆ ಏಳಲೇಬೇಕು. ಜಿಗ್ಬೀ ಅಥವಾ 433 ಮೆಗಾಹರ್ಟ್ಸ್ ರೇಡಿಯೊ ಇರುವ ಮೋಟರುಗಳನ್ನು ಕೊಂಡು, ಪ್ಲಗ್ಗಿಗೆ ಸಿಕ್ಕಿಸಿದ ಒಂದೇ ಒಂದು ಹಬ್ಬಿಗೆ ವೈಫೈ ಜೊತೆ ಮಾತಾಡುವ ಕೆಲಸ ಒಪ್ಪಿಸುವುದು ಶಕ್ತಿಯ ಲೆಕ್ಕದಲ್ಲಿ ಸರಿಯಾದ ಹಂಚಿಕೆ. ಜೋಡಿಸುವವರಿಗೆ ಒಂದು ಎಚ್ಚರಿಕೆ: ಮೋಟರಿನ ತಲೆಯಿಂದ ಇಳಿಬಿದ್ದಿರುವ ಸಣ್ಣ ಒಂಟಿ ತಂತಿ ಅದರ ಆಂಟೆನಾ. 433 ಮೆಗಾಹರ್ಟ್ಸಿನ ಅಲೆಯ ಕಾಲು ಉದ್ದ 17 ಸೆಂಟಿಮೀಟರ್, ತಂತಿಯ ಅಳತೆ ಹೊಂದಿಸಿರುವುದು ಅದಕ್ಕೆ. ಅಂದಕ್ಕೆಂದು ಅದನ್ನು ಕತ್ತರಿಸಿದರೆ ಅಥವಾ ಬ್ರಾಕೆಟ್ಟಿಗೆ ಸುತ್ತಿದರೆ ರಿಮೋಟು ಪಕ್ಕದ ಕೋಣೆಯಿಂದಲೂ ಮುಟ್ಟುವುದಿಲ್ಲ.

ಹಾಗಾದರೆ ಬ್ಯಾಟರಿಯೇ ಸಾಕಲ್ಲ, ತಂತಿ ಎಳೆಯುವ ಗೋಜೇಕೆ ಎಂದು ಕೇಳಬಹುದು. ಇದು ಬಲವಾದ ಆಕ್ಷೇಪ. ಒಂದೆರಡು ಕಿಟಕಿಗೆ ನಾನೂ ಇದನ್ನೇ ಒಪ್ಪುತ್ತೇನೆ. ಕಿಟಕಿಗಳು ಹೆಚ್ಚಿದಂತೆ ಲೆಕ್ಕ ಬದಲಾಗುತ್ತದೆ. ಎಂಟು ತಿಂಗಳಿಗೊಮ್ಮೆ ಎಂದರೆ ಹನ್ನೆರಡು ಬ್ಲೈಂಡಿಗೆ ವರ್ಷಕ್ಕೆ ಹದಿನೆಂಟು ಸಲ ಏಣಿ ಹಾಕಿ ಚಾರ್ಜರ್ ಸಿಕ್ಕಿಸಬೇಕು. ವಯಸ್ಸಾದವರು ಇರುವ ಮನೆಯಲ್ಲಿ ಏಣಿ ಹತ್ತುವ ಕಷ್ಟ ತಪ್ಪಿಸಲೆಂದೇ ಮೋಟರು ಹಾಕಿದ್ದರೆ ಇದು ಉದ್ದೇಶವನ್ನೇ ಕೆಡಿಸುತ್ತದೆ. ಅದಕ್ಕಿಂತ ಗಂಭೀರವಾದದ್ದು ಶಾಖ. ಬ್ಯಾಟರಿ ಕೂತಿರುವುದು ಕೊಳವೆಯಲ್ಲಿ, ಕೊಳವೆ ಇರುವುದು ಕಿಟಕಿಯ ನೆತ್ತಿಯಲ್ಲಿ, ಗಾಜು ಮತ್ತು ಪರದೆಯ ನಡುವೆ ಕಾದ ಗಾಳಿ ಏರಿ ನಿಲ್ಲುವುದೂ ಅಲ್ಲೇ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರಿನ ಹೊರಗಿನ ಗಾಳಿಯೇ 40 ಡಿಗ್ರಿ ದಾಟುತ್ತದೆ. ಪಡುವಣ ಬಿಸಿಲಿಗೆ ಒಡ್ಡಿದ ಕಿಟಕಿಯ ಆ ಸಂದು ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಲಿಥಿಯಂ ಕೋಶಗಳನ್ನು 45 ಡಿಗ್ರಿ ಮೀರಿದಾಗ ಚಾರ್ಜ್ ಮಾಡಬಾರದು ಎಂಬುದು ಸಾಮಾನ್ಯ ಮಿತಿ. ಉಷ್ಣತೆ ಹತ್ತು ಡಿಗ್ರಿ ಏರಿದಾಗ ಕೋಶದೊಳಗಿನ ಬೇಡದ ರಾಸಾಯನಿಕ ಕ್ರಿಯೆಗಳ ವೇಗ ಸ್ಥೂಲವಾಗಿ ಇಮ್ಮಡಿಯಾಗುತ್ತದೆ. ತಂಪು ದೇಶದ ಮನೆಯಲ್ಲಿ ಅಳೆದ ಬಾಳಿಕೆಯನ್ನು ಕಲ್ಯಾಣ ಕರ್ನಾಟಕದ ಕಿಟಕಿಯಿಂದ ನಿರೀಕ್ಷಿಸುವುದು ಸರಿಯಲ್ಲ. ಕೋಶ ಸತ್ತಾಗ ಅದೊಂದನ್ನೇ ಬದಲಿಸಲು ಬರದೆ ಇಡೀ ಮೋಟರನ್ನು ಎಸೆಯಬೇಕಾದ ವಿನ್ಯಾಸಗಳಿವೆ. ಇದು ನನಗೆ ತೀರ ನೋವಿನ ಸಂಗತಿಯಾಗಿ ಕಾಣುತ್ತದೆ, ಯಾಕೆಂದರೆ ಹಲ್ಲುಚಕ್ರ, ತಾಮ್ರದ ಸುರುಳಿ, ಅಯಸ್ಕಾಂತಗಳೆಲ್ಲ ಆಗಿನ್ನೂ ಗಟ್ಟಿಯಾಗಿರುತ್ತವೆ. ಕೊಳ್ಳುವ ಮುನ್ನ ಬ್ಯಾಟರಿ ಬೇರ್ಪಡಿಸಲು ಬರುತ್ತದೆಯೇ ಎಂದು ಕೇಳಲೇಬೇಕು.

ಕಟ್ಟಿ ಮುಗಿದ ಮನೆಗೆ ಈ ಸಮಸ್ಯೆಯ ದೊಡ್ಡ ಪಾಲನ್ನು ಪರಿಹರಿಸುವುದು ಸೋಲಾರ್ ಪಟ್ಟಿ. ಕಿಟಕಿಗೆ ನೇರ ಬಿಸಿಲು ಬೀಳದಿದ್ದರೆ ಪ್ರಯೋಜನವಿಲ್ಲ ಎಂಬ ಸಂಶಯ ಸಹಜ, ಆದರೆ ಅಂಕಿಗಳು ಬೇರೆ ಕಥೆ ಹೇಳುತ್ತವೆ. 30 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ಅಗಲದ ಪಟ್ಟಿಯನ್ನು ಉತ್ತರ ದಿಕ್ಕಿನ ಗಾಜಿನ ಒಳಮೈಗೆ ಹೊರಮುಖವಾಗಿ ಅಂಟಿಸಿದ್ದೇವೆ ಎನ್ನಿ. ಬರೀ ಆಕಾಶದ ಬೆಳಕು ಗಾಜನ್ನು ಹಾದು ಬಂದು ಚದರ ಮೀಟರಿಗೆ 50 ವ್ಯಾಟಿನಷ್ಟೇ ಬಿದ್ದರೂ, ಶೇ. 15ರಷ್ಟು ದಕ್ಷತೆಯ ಪಟ್ಟಿ ಎಂಟು ಗಂಟೆಯಲ್ಲಿ 3,900 ಜೂಲ್ ಕೊಡುತ್ತದೆ. ನಮಗೆ ಬೇಕಾದದ್ದು ದಿನಕ್ಕೆ ಸುಮಾರು 290 ಜೂಲ್. ಆಗುಂಬೆಯ ಜುಲೈ ತಿಂಗಳ ಮೋಡದಲ್ಲಿ ಇದರ ಕಾಲುಭಾಗ ಬಂದರೂ ಬೇಕಾದ್ದಕ್ಕಿಂತ ಮೂರು ಪಟ್ಟು ಇದೆ. ಗಾಢ ಬಣ್ಣದ ಫಿಲ್ಮ್ ಅಂಟಿಸಿದ ಗಾಜು, ಆಳವಾದ ಬಾಲ್ಕನಿ, ಎದುರಿಗೆ ಒತ್ತಿ ನಿಂತ ಪಕ್ಕದ ಕಟ್ಟಡ ಮೂರೂ ಒಟ್ಟುಗೂಡಿದರೆ ಕಷ್ಟವಾದೀತು. ಹಾಗಿಲ್ಲದ ಕಡೆ ಪಟ್ಟಿ ತನ್ನ ಕೆಲಸ ಮಾಡುತ್ತದೆ. ಇಷ್ಟು ಚಿಕ್ಕ ಪಟ್ಟಿ ಸಾಕಾಗುವುದು ಗ್ರಾಹಕ ಮಲಗುವುದನ್ನು ಕಲಿತಿರುವುದರಿಂದ ಮಾತ್ರ. ಅರ್ಧ ವ್ಯಾಟಿನ ಗ್ರಾಹಕಕ್ಕೆ ಇದರ ಹನ್ನೊಂದು ಪಟ್ಟು ದೊಡ್ಡ ಪಟ್ಟಿ ಬೇಕಾಗುತ್ತಿತ್ತು. ಮತ್ತೊಂದು ಲಾಭ, ದಿನವೂ ಸ್ವಲ್ಪ ಸ್ವಲ್ಪ ತುಂಬಿಕೊಳ್ಳುವ ಕೋಶ ಪೂರ್ತಿ ಬರಿದಾಗುವುದಿಲ್ಲ, ಅದು ಆಯುಸ್ಸಿಗೆ ಒಳ್ಳೆಯದು. ಶಾಖದ ಹಾನಿಯನ್ನು ಮಾತ್ರ ಪಟ್ಟಿ ತಪ್ಪಿಸಲಾರದು.

ಮನೆ ಇನ್ನೂ ಕಟ್ಟುವ ಹಂತದಲ್ಲಿದ್ದರೆ ಬ್ಯಾಟರಿಯ ಮಾತೇ ಬೇಡ, ಗೋಡೆಗೆ ಪ್ಲಾಸ್ಟರಿಂಗ್ ಆಗುವ ಮುನ್ನ ಪ್ರತಿ ಕಿಟಕಿಯ ಲಿಂಟಲ್ ಪಕ್ಕಕ್ಕೆ ಒಂದು ಪಿವಿಸಿ ಪೈಪ್ ತಲುಪಿರಲಿ ಎನ್ನುತ್ತೇನೆ. ಪೈಪಿನಲ್ಲಿ 24 ವೋಲ್ಟಿನ ನೇರ ವಿದ್ಯುತ್ ಹರಿಯಲಿ. 12 ವೋಲ್ಟ್ ಬೇಡವೇಕೆ ಎಂಬುದಕ್ಕೂ ಸರಳ ಲೆಕ್ಕವಿದೆ. 0.75 ಸ್ಕ್ವೇರ್ ಎಂಎಂ ತಾಮ್ರದ ತಂತಿ ಹದಿನೈದು ಮೀಟರ್ ದೂರದ ಕಿಟಕಿಗೆ ಹೋಗಿ ಬರುವಾಗ 0.7 ಓಮ್‌ನಷ್ಟು ರೋಧ ಒಡ್ಡುತ್ತದೆ. ದೊಡ್ಡ ಪರದೆಯ ಮೋಟರು ಎದ್ದು ಹೊರಡುವಾಗ 24 ವ್ಯಾಟ್ ಕೇಳಿತೆನ್ನಿ. 24 ವೋಲ್ಟಿನಲ್ಲಿ ಅದು ಒಂದು ಆಂಪಿಯರ್, ದಾರಿಯಲ್ಲಿ ಕಳೆಯುವುದು 0.7 ವೋಲ್ಟ್, ಶೇ. 3. ಅದೇ 12 ವೋಲ್ಟಿನಲ್ಲಿ ಎರಡು ಆಂಪಿಯರ್ ಬೇಕು, ಕಳೆಯುವುದು 1.4 ವೋಲ್ಟ್, ಶೇ. 12ರ ಹತ್ತಿರ. ವೋಲ್ಟೇಜ್ ಅರ್ಧವಾದರೆ ನಷ್ಟದ ಪಾಲು ನಾಲ್ಕು ಪಟ್ಟಾಗುತ್ತದೆ. ದೂರದ ಕಿಟಕಿಯ ಪರದೆ ತೆವಳುವುದಕ್ಕೂ ಅರ್ಧಕ್ಕೇ ನಿಲ್ಲುವುದಕ್ಕೂ ಎಷ್ಟೋ ವೇಳೆ ಇದೇ ಕಾರಣ. 24 ವೋಲ್ಟ್ ಮುಟ್ಟಿದರೆ ಜೀವಕ್ಕೆ ಅಪಾಯವಿಲ್ಲ. ಮನೆಯ ಎಲ್ಲ ಬ್ಲೈಂಡಿಗೂ ಒಂದೇ ಸಪ್ಲೈ ಡಿಬಿ ಬಾಕ್ಸಿನ ಬಳಿ ಕೂರಬಹುದು. ಅಲ್ಲಿಯೇ ಒಂದೇ ಒಂದು ಗ್ರಾಹಕ ಎಲ್ಲ ಕಿಟಕಿಗಳ ಪರವಾಗಿ ಕಾಯಬಹುದು. ಪ್ರತಿ ಕಿಟಕಿಗೂ ತಂತಿಯನ್ನು ಬೇರೆಬೇರೆಯಾಗಿ ತಂದರೆ ಹನ್ನೆರಡು ಕಾವಲಿನ ಬದಲು ಒಂದೇ ಕಾವಲು, ವರ್ಷದ ಐವತ್ತು ಯೂನಿಟ್ ನಾಲ್ಕೈದಕ್ಕೆ ಇಳಿಯುತ್ತದೆ. ರಿಮೋಟೇ ಬೇಡವೆನ್ನುವವರಿಗೆ ಇನ್ನೂ ಸರಳ ದಾರಿಯಿದೆ. ಗೋಡೆಯ ಸ್ವಿಚ್ ಧನ ಋಣ ತುದಿಗಳನ್ನು ಅದಲುಬದಲು ಮಾಡಿದರೆ ಮೋಟರು ತಿರುಗುಮುರುಗಾಗಿ ಸುತ್ತುತ್ತದೆ, ತುದಿ ಮುಟ್ಟಿದಾಗ ಒಳಗಿನ ಪುಟ್ಟ ಸ್ವಿಚ್ ತಡೆಯುತ್ತದೆ. ಮೋಟರು ಕಾಯುವ ಖರ್ಚು ಇಲ್ಲಿ ಸೊನ್ನೆ.

ಕರೆಂಟು ಹೋದಾಗ ಏನು ಗತಿ ಎಂಬ ಪ್ರಶ್ನೆಗೂ ಇದೇ ವ್ಯವಸ್ಥೆ ಚೆನ್ನಾಗಿ ಉತ್ತರಿಸುತ್ತದೆ. ನಮ್ಮಲ್ಲಿ ಬಹಳ ಮನೆಗಳಲ್ಲಿ ಯುಪಿಎಸ್ ಇದೆ. ಬ್ಲೈಂಡಿನ ಸಪ್ಲೈಯನ್ನು ಯುಪಿಎಸ್ ಲೈನಿಗೆ ಸೇರಿಸಿದರೆ ಅದಕ್ಕೆ ಹೊರೆ ಎನಿಸುವುದೇ ಇಲ್ಲ, ನೂರು ಜೂಲಿನ ಮಾತಷ್ಟೇ. ಹಳೆಯ ಚೌಕ ಅಲೆಯ ಇನ್ವರ್ಟರುಗಳಲ್ಲಿ 230 ವೋಲ್ಟಿನ ಮೋಟರು ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ನೇರ ವಿದ್ಯುತ್ತಿನ ಸಪ್ಲೈಗೆ ಆ ತಂಟೆಯಿಲ್ಲ.

ಇನ್ನು 230 ವೋಲ್ಟಿನ ನೇರ ಸಂಪರ್ಕ. ಎಲ್ಲ ಎಲೆಕ್ಟ್ರಿಷಿಯನ್‌ಗಳಿಗೂ ಗೊತ್ತಿರುವುದು ಇದೇ, ಕೆಟ್ಟರೆ ಊರಿನಲ್ಲೇ ರಿಪೇರಿ ಮಾಡುವವರು ಸಿಗುತ್ತಾರೆ, 24 ವೋಲ್ಟಿನದಕ್ಕೆ ಯಾರನ್ನು ಹುಡುಕುವುದು ಎಂಬುದು ಇದರ ಪರವಾದ ವಾದ. ರಿಪೇರಿಯ ಕಾಳಜಿ ನನಗೂ ಮುಖ್ಯವೇ. ಆದರೆ 24 ವೋಲ್ಟಿನ ಸಪ್ಲೈ ಈಗ ಅಪರೂಪದ ವಸ್ತುವಲ್ಲ, ಎಲ್‌ಇಡಿ ಪಟ್ಟಿ ದೀಪಗಳಿಂದಾಗಿ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಮಾತ್ರವಲ್ಲ, ಜಿಲ್ಲಾ ಕೇಂದ್ರಗಳ ಎಲೆಕ್ಟ್ರಿಕಲ್ ಅಂಗಡಿಗಳಲ್ಲೂ ಸಿಗುತ್ತದೆ. ಇನ್ನೊಂದೆಡೆ, ಎಲ್ಲರಿಗೂ ಗೊತ್ತು ಎನ್ನುವ 230 ವೋಲ್ಟಿನ ಕೊಳವೆ ಮೋಟರಿನಲ್ಲೇ ಗೊತ್ತಿಲ್ಲದೆ ಆಗುವ ತಪ್ಪುಗಳು ಹೆಚ್ಚು. ಅದಕ್ಕೆ ನಾಲ್ಕು ತಂತಿ: ನ್ಯೂಟ್ರಲ್, ಅರ್ಥ್, ಏರಿಕೆಯ ಫೇಸ್, ಇಳಿಕೆಯ ಫೇಸ್. ಒಳಗಿನ ಎರಡು ಸುರುಳಿಗಳ ನಡುವೆ ಕೆಪಾಸಿಟರ್ ಕೂತಿರುವುದರಿಂದ ಒಂದು ಫೇಸಿಗೆ ಕರೆಂಟು ಕೊಟ್ಟಾಗ ಖಾಲಿ ಬಿಟ್ಟ ಇನ್ನೊಂದರಲ್ಲೂ ವೋಲ್ಟೇಜ್ ಏಳುತ್ತದೆ. ಹೀಗಾಗಿ ಎರಡು ಮೋಟರುಗಳನ್ನು ಫ್ಯಾನು, ದೀಪ ಜೋಡಿಸಿದ ಹಾಗೆ ಒಂದೇ ಸ್ವಿಚ್ಚಿಗೆ ಸಮಾಂತರವಾಗಿ ಜೋಡಿಸಿದರೆ, ಒಂದರ ಖಾಲಿ ತಂತಿಯಿಂದ ಇನ್ನೊಂದಕ್ಕೆ ಕರೆಂಟು ಹಿಂದಿರುಗಿ ಹರಿಯುತ್ತದೆ. ಮೊದಲು ತುದಿ ಮುಟ್ಟಿದ ಮೋಟರು ನಿಲ್ಲುವ ಬದಲು ಹಿಂದೆ ಮುಂದೆ ಒದ್ದಾಡಿ ಸುಟ್ಟುಹೋಗಬಹುದು. ಪ್ರತಿ ಮೋಟರಿಗೂ ಬೇರೆ ರಿಲೇ, ಏರಿಕೆ ಇಳಿಕೆ ಎರಡೂ ಒಟ್ಟಿಗೆ ಒತ್ತಲಾಗದ ಸ್ವಿಚ್, 30 ಮಿಲಿಆಂಪಿಯರ್ ಸೋರಿದರೆ ಕಡಿದುಹಾಕುವ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್ ಇವಿಷ್ಟೂ ಕಡ್ಡಾಯ. ಕೆಲಸ ಲೈಸೆನ್ಸ್ ಇರುವವರದೇ ಆಗಿರಬೇಕು. ಈ ಮೋಟರುಗಳು ಸಾಮಾನ್ಯವಾಗಿ ನಾಲ್ಕೇ ನಿಮಿಷ ಎಡೆಬಿಡದೆ ಓಡಲು ತಯಾರಾದವು, ಮೀರಿದರೆ ಒಳಗಿನ ಶಾಖ ರಕ್ಷಕ ಕತ್ತರಿಸಿ ಹದಿನೈದು ಇಪ್ಪತ್ತು ನಿಮಿಷ ಸುಮ್ಮನಾಗಿಸುತ್ತದೆ. ಅಳವಡಿಸುವ ದಿನ ತುದಿ ಹೊಂದಿಸುತ್ತ ಪದೇಪದೇ ಓಡಿಸಿ, ನಿಂತೊಡನೆ ಮೋಟರು ಕೆಟ್ಟಿತು ಎಂದು ವಾಪಸು ಕಳಿಸುವುದು ಎಷ್ಟೋ ಬಾರಿ ಈ ಅರಿವಿಲ್ಲದ್ದರಿಂದ.

ಮೂಲದ ಆಕ್ಷೇಪವೊಂದು ಉಳಿದಿದೆ: ಪರದೆ ಎಳೆಯಲು ಕೈಗಳಿರುವಾಗ ಮೋಟರೇ ಯಾಕೆ ಬೇಕು? ಕೈಗೆ ಎಟಕುವ ಸಾಮಾನ್ಯ ಕಿಟಕಿಗೆ ಬೇಡ, ಇದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಎರಡಂತಸ್ತು ಎತ್ತರದ ಗಾಜಿಗೆ, ಮೆಟ್ಟಿಲ ಮೇಲಿನ ಕಿಟಕಿಗೆ, ಹಾಸಿಗೆ ಹಿಡಿದವರ ಕೋಣೆಗೆ ಬೇಕು. ಚಿಕ್ಕ ಮಕ್ಕಳಿರುವ ಮನೆಗೂ ಒಂದು ಕಾರಣವಿದೆ. ಬ್ಲೈಂಡಿನ ಇಳಿಬಿದ್ದ ಹಗ್ಗ, ಮಣಿಸರದ ಕುಣಿಕೆ ಕುತ್ತಿಗೆಗೆ ಸಿಕ್ಕಿ ಎಳೆಯ ಮಕ್ಕಳು ಸತ್ತಿರುವ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಅಮೆರಿಕದಲ್ಲಿ 2018ರಲ್ಲಿ ಪರಿಷ್ಕರಿಸಿದ ಸುರಕ್ಷತಾ ಮಾನದಂಡ, ಅಂಗಡಿಯಲ್ಲಿ ಸಿದ್ಧವಾಗಿ ಮಾರುವ ಬ್ಲೈಂಡುಗಳಲ್ಲಿ ಮಗುವಿನ ಕೈಗೆ ಸಿಗುವ ಹಗ್ಗ ಇರಕೂಡದು ಎಂದಿತು. ನಮ್ಮ ಅಂಗಡಿಗಳಲ್ಲಿ ಹಗ್ಗದ ಬ್ಲೈಂಡುಗಳು ಇನ್ನೂ ಧಾರಾಳವಾಗಿವೆ. ಮೋಟರು ಆ ಕುಣಿಕೆಯನ್ನು ತೆಗೆಯುತ್ತದೆ. ಆದರೆ ಅದರ ರಿಮೋಟಿನಲ್ಲಿ ನಾಣ್ಯದಂಥ ಬ್ಯಾಟರಿ ಇರುತ್ತದೆ, ಮಗು ಅದನ್ನು ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಡುತ್ತದೆ. ಬ್ಯಾಟರಿಯ ಮುಚ್ಚಳ ಸ್ಕ್ರೂ ಹಾಕಿ ಬಿಗಿದದ್ದೇ ಎಂದು ನೋಡದೆ ರಿಮೋಟನ್ನು ಮನೆಯೊಳಗೆ ಬಿಟ್ಟುಕೊಳ್ಳಬಾರದು.

ಮೋಟರಿಗೆ ಇರುವ ಇನ್ನೊಂದು ಸಮರ್ಥನೆ ಬಿಸಿಲಿನದು. ಅದನ್ನು ಉತ್ಪ್ರೇಕ್ಷೆ ಮಾಡುವುದು ಸುಲಭವಾದ್ದರಿಂದ ಬಿಡಿಸಿ ನೋಡಬೇಕು. ಬೇಸಿಗೆಯ ಇಳಿಹೊತ್ತಿನಲ್ಲಿ ಪಡುವಣ ಗೋಡೆಯ ಮೇಲೆ ಚದರ ಮೀಟರಿಗೆ 600 ವ್ಯಾಟ್ ಬಿಸಿಲು ಬಿದ್ದರೆ, ನಮ್ಮ ಕಿಟಕಿಯ ತಿಳಿ ಗಾಜಿನ ಮೂಲಕ ಒಳಬರುವ ಶಾಖ ಸುಮಾರು 1.8 ಕಿಲೊವ್ಯಾಟ್. ಕೋಣೆಯೊಳಗೆ ಒಂದು ಗೀಸರನ್ನು ಹಚ್ಚಿಟ್ಟ ಹಾಗೆ. ಎರಡು ಗಂಟೆಯಲ್ಲಿ 3.6 ಯೂನಿಟ್ ಶಾಖ. ಬಿಳಿ ಬೆನ್ನಿನ ಪರದೆ ಇದರ ಅರ್ಧವನ್ನು ಗಾಜಿನಾಚೆಗೆ ಹಿಂದಿರುಗಿಸಿತೆಂದರೆ, ಒಂದು ಯೂನಿಟ್ ವಿದ್ಯುತ್ತಿಗೆ ಮೂರು ಯೂನಿಟ್ ಶಾಖ ಹೊರಹಾಕುವ ಎಸಿಗೆ ದಿನಕ್ಕೆ 0.6 ಯೂನಿಟ್ ಉಳಿಯಿತು. ಹೀಗಿರುವಾಗ ದಿನಕ್ಕೆ 0.012 ಯೂನಿಟ್ಟಿನ ಕಾಯುವಿಕೆಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೆ ಎಂದರೆ, ಈ ಉಳಿತಾಯ ಸಿಗುವುದು ಪಡುವಣಕ್ಕೋ ಮೂಡಣಕ್ಕೋ ತೆರೆದ, ಎಸಿ ಓಡುತ್ತಿರುವ, ಮನೆಯವರು ಪರದೆ ಇಳಿಸಲು ಮರೆತಿರುವ ಕೋಣೆಯಲ್ಲಿ ಮಾತ್ರ. ಕಾಯುವ ಖರ್ಚು ಎಲ್ಲ ಕಿಟಕಿಯಲ್ಲೂ ಎಲ್ಲ ದಿನವೂ ಇರುತ್ತದೆ. ಇನ್ನೂ ಒಂದು ಮಾತು: ಒಳಗಿನ ಪರದೆ ಶಾಖವನ್ನು ತಡೆಯುವುದು ಅದು ಗಾಜು ದಾಟಿ ಬಂದ ಮೇಲೆ. ಹೀರಿಕೊಂಡ ಪಾಲು ಕೋಣೆಯಲ್ಲೇ ಉಳಿಯುತ್ತದೆ. ಹಳೆಯ ಮನೆಗಳ ಜಗಲಿಗೆ ಕಟ್ಟುತ್ತಿದ್ದ ಬಿದಿರಿನ ತಟ್ಟಿ, ನೀರು ಚಿಮುಕಿಸಿದ ಲಾವಂಚದ ತಟ್ಟಿ ಎರಡೂ ಬಿಸಿಲನ್ನು ಹೊರಗೇ ನಿಲ್ಲಿಸುತ್ತಿದ್ದವು. ಶಾಖವೇ ನಿಮ್ಮ ತೊಂದರೆಯಾದರೆ ಪರದೆ ಗಾಜಿನ ಹೊರಗಿರಲಿ. ಗಾಳಿ ಮಳೆ ತಡೆಯುವ ಆ ಭಾರದ ಪರದೆಗೇ 230 ವೋಲ್ಟಿನ ಗಟ್ಟಿ ಮೋಟರು ಹೇಳಿ ಮಾಡಿಸಿದ್ದು. ಬಿರುಗಾಳಿ ಎದ್ದಾಗ ತಾನೇ ಸುತ್ತಿಕೊಳ್ಳುವಂತೆ ಗಾಳಿ ಸೂಚಕವೂ ಅದಕ್ಕೆ ಬೇಕಾಗುತ್ತದೆ.

ಮುಂದೆ ಮೋಟರು ಹಾಕಿಸುತ್ತೇವೋ ಇಲ್ಲವೋ, ಈಗಲೇ ಪೈಪಿಗೆ ಯಾಕೆ ದುಡ್ಡು ಎಂಬ ಹಿಂಜರಿಕೆ ಮನೆ ಕಟ್ಟುವವರಲ್ಲಿ ಸಾಮಾನ್ಯ. ಖಾಲಿ ಪೈಪ್ ಯಾವ ಕಂಪನಿಗೂ ಯಾವ ತಂತ್ರಕ್ಕೂ ನಮ್ಮನ್ನು ಕಟ್ಟಿಹಾಕುವುದಿಲ್ಲ, ನಾಳೆ ಬರುವ ಬೇರೊಂದು ಬಗೆಯ ಮೋಟರಿಗೂ ತಂತಿ ಬೇಕಾಗುವುದು ಅದೇ ಮೂಲೆಗೆ. ಪ್ಲಾಸ್ಟರಿಂಗ್, ಬಣ್ಣ ಮುಗಿದ ಮೇಲೆ ಗೋಡೆ ಕೊರೆದು ಮುಚ್ಚುವ ಖರ್ಚಿಗೆ ಹೋಲಿಸಿದರೆ ಈಗಿನದು ಗಣನೆಗೆ ಬಾರದ ಮೊತ್ತ. ಪೈಪನ್ನು 230 ವೋಲ್ಟಿನ ವೈರುಗಳಿಂದ ಬೇರೆಯಾಗಿಯೇ ಒಯ್ಯಬೇಕು, ಎರಡನ್ನೂ ಒಂದೇ ಕೊಳವೆಯಲ್ಲಿ ತುರುಕಬಾರದು. ಅದರ ಬಾಯಿ ಕಿಟಕಿ ಚೌಕಟ್ಟಿನ ಮೇಲ್ಮೂಲೆಯಲ್ಲಿ, ಬ್ರಾಕೆಟ್ ಅಥವಾ ಪೆಲ್ಮೆಟ್ ಮರೆಮಾಡುವ ಜಾಗದಲ್ಲಿ ತೆರೆದುಕೊಳ್ಳಲಿ. ಮೋಟರಿನ ತಲೆ ಎಡಕ್ಕೆ ಬಂದೀತೋ ಬಲಕ್ಕೋ ಎಂದು ಗೊತ್ತಿಲ್ಲದಿದ್ದರೆ ಎರಡೂ ಮೂಲೆಗೆ ಒಂದೊಂದು ಬಾಯಿ ಬಿಡಿಸಿ. ಒಳಗೆ ತಂತಿ ಎಳೆಯಲು ನೈಲಾನ್ ದಾರ ಹಾಕಿಸಿ, ತುದಿಗೆ ಮುಚ್ಚಳ ಒತ್ತಿಸಿ. ಪ್ಲಾಸ್ಟರಿಂಗ್‌ನವರು ಬರುವ ಹಿಂದಿನ ದಿನ ಪ್ರತಿ ಗೋಡೆಯ ಫೋಟೊವನ್ನು ಅಳತೆಪಟ್ಟಿ ಸಮೇತ ತೆಗೆದು, ಮನೆಯ ನಕ್ಷೆಯ ಜೊತೆ ಇಟ್ಟುಕೊಳ್ಳಿ.